ಬಾರ್ ಹಾರ್ಬರಿನ ನಾಯಿಮರಿಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಭೂಪಟದಲ್ಲಿ ಈಶಾನ್ಯದ ತುತ್ತತುದಿಗೆ ಬೆರಳಿಟ್ಟರೆ ಅಲ್ಲಿ ಮೇಯ್ನ್ ರಾಜ್ಯ. ಬಾಸ್ಟನ್ ನಗರವನ್ನು ಬಿಟ್ಟು ಸುಮಾರು ೪೫೦ ಕಿಲೋಮೀಟರು ಸಾಗಿದ ಪ್ರವಾಸಿ ಒಂದು ಕಿರುಸೇತುವೆಯನ್ನು ದಾಟಿ ಮೌಂಟ್ ಡೆಸರ್ಟ್ ಎಂಬ ದ್ವೀಪವನ್ನು ಸೇರುತ್ತಾನೆ. ಹೆಸರನ್ನು ಕೇಳಿ ಮರಳುಗಾಡನ್ನು ನೆನೆದು ಹೋದವನಿಗೆ ಅಲ್ಲಿ ಕಾಣುವುದು ಕಡಲು, ಕಾಡು ಮತ್ತು ನಸುಗೆಂಪು ಕಗ್ಗಲ್ಲಿನ ಬೆಟ್ಟಗಳು. ಈ ನೆಲದಲ್ಲಿ ವಾಬನಾಕಿ ಜನ ಸಾವಿರಾರು ವರ್ಷಗಳಿಂದ ಬಾಳಿ ಬಂದಿದ್ದರು. ೧೬೦೪ರಲ್ಲಿ ಹಡಗಿನಲ್ಲಿ ಬಂದ ಫ್ರೆಂಚ್ ನಾವಿಕ ಶಾಂಪ್ಲೇನ್, ಮರವಿಲ್ಲದ ಶಿಖರಗಳನ್ನು ದೂರದಿಂದ ಕಂಡು, ‘ಬೋಳುಬೆಟ್ಟಗಳ ದ್ವೀಪ’ ಎಂಬರ್ಥದ ಹೆಸರನ್ನಿಟ್ಟನು. ಆ ಹೆಸರೇ ಇಂದಿಗೂ ಉಳಿದಿದೆ.

ದ್ವೀಪದ ಪೂರ್ವತೀರದಲ್ಲಿ ಬಾರ್ ಹಾರ್ಬರ್ ಪಟ್ಟಣ. ೧೯೧೮ರ ವರೆಗೆ ಇದಕ್ಕೆ ಈಡನ್ ಎಂದು ಹೆಸರಿತ್ತು. ಬೈಬಲಿನ ಆದಿಪುರುಷ ದಂಪತಿಗಳು ವಾಸವಾಗಿದ್ದ ನಂದನವನಕ್ಕೂ ಅದೇ ಹೆಸರು. ಪಟ್ಟಣದ ಎದುರಿಗೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಒಂದು ಪುಟ್ಟ ನಡುಗಡ್ಡೆಯಿದೆ. ಕಡಲು ಉಬ್ಬಿದಾಗ ಎರಡರ ನಡುವೆ ದೋಣಿಗಳು ತೇಲುತ್ತವೆ. ಕಡಲು ಇಳಿದಾಗ ನೀರಿನ ಕೆಳಗಿಂದ ನೊರಜುಗಲ್ಲಿನ ದಿಣ್ಣೆಯೊಂದು ಮೇಲೆದ್ದು ದಾರಿಯಾಗುತ್ತದೆ. ಜನ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆಯಲ್ಲಿಯೇ ನಡುಗಡ್ಡೆಗೆ ಹೋಗಿ ಬರುತ್ತಾರೆ. ನೀರು ತೀರ ಇಳಿದ ಹೊತ್ತಿಗೆ ಹಿಂದೆ ಒಂದೂವರೆ ಗಂಟೆ, ಮುಂದೆ ಒಂದೂವರೆ ಗಂಟೆ, ಇಷ್ಟೇ ಆ ದಾರಿಯ ಆಯುಸ್ಸು. ಈ ದಿಣ್ಣೆಯಿಂದಲೇ ಊರಿಗೆ ‘ಬಾರ್’ ಎಂಬ ಹೆಸರು ಬಂದಿತು.

ಊರಿನ ಹಿಂದೆ ಕ್ಯಾಡಿಲಾಕ್ ಬೆಟ್ಟ. ಎತ್ತರ ೪೬೬ ಮೀಟರು ಮಾತ್ರ. ಸಹ್ಯಾದ್ರಿಯನ್ನು ಕಂಡವರಿಗೆ ಅದು ಗುಡ್ಡವೆಂದೇ ತೋರೀತು. ಆದರೆ ಚಳಿಗಾಲದ ತಿಂಗಳುಗಳಲ್ಲಿ ಆ ದೇಶದ ಪೂರ್ವತೀರದ ಮೊದಲ ಸೂರ್ಯಕಿರಣ ಬೀಳುವುದು ಇದರ ನೆತ್ತಿಯ ಮೇಲೆಯೇ ಎಂದು ಜನ ಕತ್ತಲಲ್ಲಿಯೇ ಮೇಲೇರಿ, ಕಂಬಳಿ ಹೊದ್ದು ಕಾಯುತ್ತಾರೆ. ಬೆಟ್ಟವೂ ಅದರ ಸುತ್ತಣ ಕಾಡೂ ಅಕೇಡಿಯ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ.

ಸೂರ್ಯೋದಯಕ್ಕೆಂದು, ಲಾಬ್‌ಸ್ಟರ್ ಊಟಕ್ಕೆಂದು ಬರುವ ಪ್ರವಾಸಿಗಳಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದುಂಟು. ಮನೆಮನೆಯಲ್ಲಿ ನಡೆಯುವ ಒಂದು ಹಳೆಯ ವಾದವನ್ನು ಬಗೆಹರಿಸಲು ಈ ಊರಿನಲ್ಲಿ ಹತ್ತು ವರ್ಷಗಳಿಗೂ ಮಿಕ್ಕಿ ನಾಯಿಮರಿಗಳನ್ನು ಸಾಕಿ, ನೋಡಿ, ಬರೆದಿಟ್ಟುಕೊಂಡರು. ನಾಯಿಯ ಸಿಟ್ಟು ಅದರ ರಕ್ತದಲ್ಲಿ ಬಂದುದೋ, ಸಾಕಿದವರ ಕೈಯಲ್ಲಿ ಬೆಳೆದುದೋ ಎಂಬುದೇ ಆ ವಾದ.

ಎರಡು ಗಾದೆಗಳ ಜಗಳ

ಬೀದಿಯಲ್ಲಿ ಒಂದು ಮನೆಯ ನಾಯಿ ಯಾರನ್ನಾದರೂ ಕಚ್ಚಿತೆಂದರೆ ಸಂಜೆಯೊಳಗೆ ಎರಡು ಪಕ್ಷಗಳಾಗುತ್ತವೆ. “ಆ ಜಾತಿಯ ನಾಯಿಯೇ ಹಾಗೆ; ಹುಟ್ಟುಗುಣ ಸುಟ್ಟರೂ ಹೋಗದು” ಎನ್ನುತ್ತಾರೆ ನೆರೆಯವರು. “ನಾಯಿಯ ತಪ್ಪೇನು? ಸಾಕಿದವರದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎನ್ನುತ್ತಾರೆ ಎದುರು ಸಾಲಿನವರು. ಎರಡೂ ಗಾದೆಗಳು ಒಂದೇ ನುಡಿಯವು. ಎರಡನ್ನೂ ಒಂದೇ ಅಜ್ಜಿ ಬೇರೆ ಬೇರೆ ಹೊತ್ತಿನಲ್ಲಿ ಆಡಿರುತ್ತಾಳೆ. ಮೊದಲನೆಯದು ನಿಜವಾದರೆ ಕೆಲವು ಜಾತಿಯ ನಾಯಿಗಳನ್ನು ಊರಿಂದಲೇ ಹೊರಗಿಡಬೇಕು. ಎರಡನೆಯದು ನಿಜವಾದರೆ ದಂಡ ತೆರಬೇಕಾದವನು ಒಡೆಯ. ಕಚ್ಚಿಸಿಕೊಂಡ ಮಗು, ಪ್ರಾಣ ಕಳೆದುಕೊಳ್ಳಲಿರುವ ನಾಯಿ, ಇವೆರಡರ ನಡುವೆ ನಿಂತ ಸಂಸಾರಕ್ಕೆ ಇದು ಬರಿಯ ಚರ್ಚೆಯಲ್ಲ.

ಸುಟ್ಟುಹೋದ ಪ್ರಯೋಗಶಾಲೆ

ಪಟ್ಟಣದ ದಕ್ಷಿಣಕ್ಕೆ, ಬೆಟ್ಟದ ತಪ್ಪಲಿನಲ್ಲಿ, ಜ್ಯಾಕ್ಸನ್ ಪ್ರಯೋಗಶಾಲೆಯ ಕಟ್ಟಡಗಳಿವೆ. ಡೆಟ್ರಾಯಿಟಿನ ಮೋಟಾರು ಉದ್ಯಮಿಗಳ ಹಣದಿಂದ, ಕ್ಲಾರೆನ್ಸ್ ಕುಕ್ ಲಿಟ್ಲ್ ಎಂಬ ವಿಜ್ಞಾನಿ ೧೯೨೯ರಲ್ಲಿ ಇದನ್ನು ಸ್ಥಾಪಿಸಿದರು. ಅನುವಂಶೀಯತೆಯ ಅಧ್ಯಯನಕ್ಕಾಗಿ ಇಲಿಗಳನ್ನು ಬೆಳೆಸುವುದು ಇಲ್ಲಿಯ ಮುಖ್ಯ ಕೆಲಸ. ಇಂದಿಗೂ ಲೋಕದ ಪ್ರಯೋಗಶಾಲೆಗಳಿಗೆ ಇಲ್ಲಿಂದ ಇಲಿಗಳು ಹೋಗುತ್ತವೆ. ೧೯೪೭ರ ಅಕ್ಟೋಬರಿನಲ್ಲಿ, ಮಳೆಯಿಲ್ಲದೆ ಒಣಗಿದ್ದ ಕಾಡಿಗೆ ಬೆಂಕಿ ಬಿದ್ದು, ಹದಿನೇಳು ಸಾವಿರ ಎಕರೆಗೂ ಹೆಚ್ಚು ನೆಲ ಉರಿಯಿತು. ಧನಿಕರ ಬೇಸಗೆಯ ಮಹಲುಗಳು ಸಾಲುಸಾಲಾಗಿ ಬೂದಿಯಾದವು. ಪ್ರಯೋಗಶಾಲೆಯೂ ಅದರೊಳಗಿನ ಸಹಸ್ರಾರು ಇಲಿಗಳೂ ಸುಟ್ಟುಹೋದವು. ಹಿಂದೆ ಇಲ್ಲಿಂದ ಇಲಿಗಳನ್ನು ಪಡೆದಿದ್ದ ವಿಜ್ಞಾನಿಗಳು ಅವುಗಳ ಸಂತತಿಯನ್ನು ಮರಳಿ ಕಳುಹಿಸಿಕೊಟ್ಟರು. ಶಾಲೆ ಮತ್ತೆ ಎದ್ದಿತು. ಸುಟ್ಟ ನೆಲದಲ್ಲಿಯೂ ಕಾಡು ಎದ್ದಿತು, ಆದರೆ ಮೊದಲಿನ ಕಾಡಲ್ಲ. ವರ್ಷವಿಡೀ ಹಸುರಾಗಿದ್ದ ಸೂಚಿಪರ್ಣಿ ಮರಗಳ ಎಡೆಯಲ್ಲಿ ಎಲೆಯುದುರುವ ಬರ್ಚ್, ಆಸ್ಪೆನ್ ಮರಗಳು ಚಿಗುರಿದವು. ಇಂದು ಶರತ್ಕಾಲದಲ್ಲಿ ಪ್ರವಾಸಿಗರು ಮೆಚ್ಚುವ ಹೊಂಬಣ್ಣ ಬಹುಮಟ್ಟಿಗೆ ಆ ಬೆಂಕಿಯ ಕೊಡುಗೆ.

ಬೆಂಕಿಗೆ ಎರಡು ವರ್ಷ ಮೊದಲು, ೧೯೪೫ರಲ್ಲಿ, ಜಾನ್ ಪಾಲ್ ಸ್ಕಾಟ್ ಎಂಬ ಪ್ರಾಣಿಶಾಸ್ತ್ರಜ್ಞರು ಇಲ್ಲಿಗೆ ಬಂದರು. ಬಳಿಕ ಜಾನ್ ಫುಲ್ಲರ್ ಅವರ ಜೊತೆಗೂಡಿದರು. ರಾಕ್‌ಫೆಲ್ಲರ್ ಪ್ರತಿಷ್ಠಾನ ಹಣ ನೀಡಿತು. ಪಟ್ಟಣದ ಹೊರಗೆ ಹ್ಯಾಮಿಲ್ಟನ್ ಸ್ಟೇಷನ್ ಎಂಬಲ್ಲಿ (ಅದು ರೈಲು ನಿಲ್ದಾಣವಲ್ಲ, ಪ್ರಯೋಗಶಾಲೆಗೆ ಸೇರಿದ ಒಂದು ಎಡೆ) ನಾಯಿಗಳ ಶಾಲೆ ತೆರೆಯಿತು.

ಹಣ ಕೊಟ್ಟವರ ಮನಸ್ಸಿನಲ್ಲಿದ್ದುದು ನಾಯಿಯೊಂದೇ ಅಲ್ಲ. ಮನುಷ್ಯನ ಬುದ್ಧಿ, ನಡತೆಗಳಲ್ಲಿ ವಂಶದ ಪಾಲು ಎಷ್ಟು ಎಂಬ ಪ್ರಶ್ನೆ ಅದರ ಬೆನ್ನ ಹಿಂದಿತ್ತು. ಸಂಸ್ಥಾಪಕ ಲಿಟ್ಲ್ ಅವರೇ ಒಂದು ಕಾಲಕ್ಕೆ ಅಮೆರಿಕದ ಸುಸಂತಾನಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದವರು. ‘ಒಳ್ಳೆಯ’ ವಂಶಗಳು ಹೆಚ್ಚಬೇಕು, ‘ಕೆಟ್ಟ’ ವಂಶಗಳು ಅಳಿಯಬೇಕು ಎಂಬ ಆ ಶಾಸ್ತ್ರ ಎಷ್ಟು ಜನರನ್ನು ನೋಯಿಸಿತೆಂಬುದನ್ನು ಇಪ್ಪತ್ತನೆಯ ಶತಮಾನ ಕಂಡಿದೆ. ಆದುದರಿಂದಲೇ ನಾಯಿಮರಿಗಳು ಕೊಟ್ಟ ಉತ್ತರವನ್ನು ಗಮನವಿಟ್ಟು ಕೇಳಬೇಕು.

ಐದು ಕುಲದ ವಿದ್ಯಾರ್ಥಿಗಳು

ಸ್ಕಾಟ್ ಮತ್ತು ಫುಲ್ಲರ್ ಐದು ತಳಿಗಳನ್ನು ಆರಿಸಿಕೊಂಡರು. ಬಸೆಂಜಿ ಆಫ್ರಿಕದ ಕಾಂಗೋ ಸೀಮೆಯ ನಾಯಿ. ಇತರ ನಾಯಿಗಳಂತೆ ಬೊಗಳುವುದಿಲ್ಲ. ಬೀಗಲ್ ಹಿಂಡಾಗಿ ಮೊಲವನ್ನಟ್ಟುವ ಬೇಟೆನಾಯಿ. ಹಿಂಡಿನಲ್ಲಿ ಜಗಳವಾಡುವುದು ಅದಕ್ಕೆ ಸಲ್ಲದು. ಕಾಕರ್ ಸ್ಪೇನಿಯಲ್ ಜೋಲುಕಿವಿಯ, ಸಾಧುಸ್ವಭಾವದ ಹಕ್ಕಿಬೇಟೆಯ ನಾಯಿ. ಶೆಟ್ಲೆಂಡ್ ಷೀಪ್‌ಡಾಗ್ ಕುರಿ ಕಾಯುವುದು. ಒರಟುಗೂದಲಿನ ಫಾಕ್ಸ್ ಟೆರಿಯರ್ ಬಿಲ ಹೊಕ್ಕು ನರಿಯನ್ನು ಕೆಣಕುವ ಗಂಡೆದೆಯ ನಾಯಿ. ಎಲ್ಲ ಮರಿಗಳಿಗೂ ಒಂದೇ ಬಗೆಯ ಗೂಡು, ಒಂದೇ ಆಹಾರ, ಒಂದೇ ದಿನಚರಿ, ಒಂದೇ ಪರೀಕ್ಷೆಗಳು. ಸಾಕಣೆ ಒಂದೇ ಆದಮೇಲೆ ಉಳಿಯುವ ವ್ಯತ್ಯಾಸ ಹುಟ್ಟಿನದಲ್ಲದೆ ಮತ್ತೇನು?

ಆ ವ್ಯತ್ಯಾಸ ಬಹುಬೇಗ ಕಾಣಿಸಿಕೊಂಡಿತು. ಫಾಕ್ಸ್ ಟೆರಿಯರ್ ಮರಿಗಳಿಗೆ ಏಳು ವಾರ ತುಂಬುವ ವೇಳೆಗೆ, ಒಡಹುಟ್ಟಿದವೆಲ್ಲ ಸೇರಿ ತಮ್ಮೊಳಗಿನ ಒಂದರ ಮೇಲೆ ಬೀಳತೊಡಗಿದವು. ಪೆಟ್ಟು ತಿಂದದ್ದನ್ನು ಬೇರೆ ಗೂಡಿಗೆ ಸಾಗಿಸಿದರೆ, ಉಳಿದವು ಇನ್ನೊಂದನ್ನು ಹಿಡಿದವು. ಅವುಗಳಿಗೆ ಜಗಳವನ್ನು ಯಾರೂ ಕಲಿಸಿರಲಿಲ್ಲ. ಪಕ್ಕದ ಗೂಡಿನಲ್ಲಿ ಅದೇ ಕೈಯಿಂದ ಅನ್ನ ತಿನ್ನುತ್ತಿದ್ದ ಬೀಗಲ್ ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆಹೋಗುತ್ತಿದ್ದವು.

ಎರಡು ಮರಿಗಳ ನಡುವೆ ಒಂದು ಎಲುಬನ್ನಿಟ್ಟು ಹತ್ತು ನಿಮಿಷ ನೋಡುವ ಪರೀಕ್ಷೆಯೊಂದಿತ್ತು. ಟೆರಿಯರ್ ಮತ್ತು ಬಸೆಂಜಿಗಳಲ್ಲಿ, ಬೆಳೆದಂತೆಲ್ಲ, ಯಾವುದು ಮೇಲು ಯಾವುದು ಕೀಳು ಎಂಬುದು ಕಡ್ಡಿ ಮುರಿದಂತೆ ತೀರ್ಮಾನವಾಗುತ್ತಿತ್ತು. ಬೀಗಲ್, ಕಾಕರ್‌ಗಳಲ್ಲಿ ಅಷ್ಟು ಖಚಿತವಾದ ಒಡೆತನ ಕಾಣಲಿಲ್ಲ.

ಬಸೆಂಜಿಗೂ ಕಾಕರ್‌ಗೂ ಸಂಕರ ಮಾಡಿ ನೋಡಿದರು. ಐದು ವಾರದ ಬಸೆಂಜಿ ಮರಿಯನ್ನು ಮುಟ್ಟಹೋದರೆ ಅದು ಕೊಸರಿಕೊಂಡು ಓಡುತ್ತದೆ, ಹಲ್ಲೂರಲೂ ನೋಡುತ್ತದೆ. ಕಾಕರ್ ಮರಿ ಸುಮ್ಮನೆ ಮಡಿಲಿಗೆ ಬರುತ್ತದೆ. ಸಂಕರದ ಮರಿಗಳು ಈ ಗುಣದಲ್ಲಿ ಹೆಚ್ಚಾಗಿ ಬಸೆಂಜಿಯನ್ನೇ ಹೋಲಿದವು. ಸಾಧುವಾದ ಕಾಕರ್ ತಾಯಿಯ ಹಾಲು ಕುಡಿದು ಬೆಳೆದಾಗಲೂ ಹೋಲಿದವು. ತಾಯಿಯನ್ನು ನೋಡಿ ಕಲಿತದ್ದು ಎನ್ನುವುದಕ್ಕೆ ಎಡೆಯಿರಲಿಲ್ಲ. ಇಲ್ಲಿಗೆ ಮೊದಲನೆಯ ಗಾದೆ ಗೆದ್ದಂತಾಯಿತು.

ಬೇಲಿಯ ಹಿಂದೆ ಬೆಳೆದವು

ಆದರೆ ಅದೇ ದ್ವೀಪದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಡೇನಿಯಲ್ ಫ್ರೀಡ್‌ಮನ್, ಜಾನ್ ಕಿಂಗ್, ಆರ್ವಿಲ್ ಎಲಿಯಟ್ ಎಂಬ ಮೂವರು ಅದರ ಫಲಿತಾಂಶವನ್ನು ೧೯೬೧ರಲ್ಲಿ ಪ್ರಕಟಿಸಿದರು. ಕಾಕರ್ ಮತ್ತು ಬೀಗಲ್ ಮರಿಗಳನ್ನು, ಅಂದರೆ ತಳಿಗಳಲ್ಲಿಯೇ ಸಾಧುವಾದವುಗಳನ್ನು, ತಾಯಿಯೊಡನೆ ಎತ್ತರದ ಬೇಲಿ ಕಟ್ಟಿದ ಬಯಲಿನಲ್ಲಿ ಬಿಟ್ಟರು. ತಾಯಿ ಇತ್ತು, ಒಡಹುಟ್ಟಿದವು ಇದ್ದವು, ಹೊಟ್ಟೆ ತುಂಬ ಆಹಾರವಿತ್ತು. ಇಲ್ಲದ್ದು ಮನುಷ್ಯನ ಒಡನಾಟ ಮಾತ್ರ. ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರನೆಯ, ಐದನೆಯ, ಏಳನೆಯ, ಒಂಬತ್ತನೆಯ ವಾರಗಳಲ್ಲಿ ಒಂದೊಂದು ವಾರ ಮಾತ್ರ ಹೊರತಂದು, ಎತ್ತಿ ಆಡಿಸಿ, ಮತ್ತೆ ಒಳಗೆ ಬಿಟ್ಟರು. ಕೆಲವನ್ನು ಹದಿನಾಲ್ಕು ವಾರ ಕಳೆಯುವ ತನಕ ಮುಟ್ಟಲೇ ಇಲ್ಲ.

ಹದಿನಾಲ್ಕು ವಾರ ಮನುಷ್ಯನನ್ನು ಅರಿಯದೆ ಬೆಳೆದ ಆ ಕಾಕರ್, ಬೀಗಲ್‌ಗಳು ಕಾಡುಪ್ರಾಣಿಗಳಂತಾಗಿದ್ದವು. ಹತ್ತಿರ ಹೋದರೆ ದಿಕ್ಕೆಟ್ಟು ಓಡಿದವು. ಕೊರಳಿಗೆ ಹಗ್ಗ ಹಾಕಿ ನಡೆಸುವುದೂ ದುಸ್ತರವಾಯಿತು. ಐದರಿಂದ ಒಂಬತ್ತನೆಯ ವಾರದ ನಡುವೆ ಒಂದೇ ಒಂದು ವಾರ ಮನುಷ್ಯನ ತೊಡೆಯ ಮೇಲೆ ಕುಳಿತಿದ್ದವು ಎಷ್ಟೋ ಸುಲಭವಾಗಿ ಮನುಷ್ಯರೊಡನೆ ಬೆರೆತವು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದ ವರೆಗೆ ನಾಯಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಒಳಗೆ ಬಂದವರು ಬಂಧುಗಳು. ಆಮೇಲೆ ಬಂದವರನ್ನು ಅದು ಮೊದಲು ಅಂಜಿಕೆಯಿಂದಲೇ ನೋಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಟೆರಿಯರ್ ಮರಿ ಒಡಹುಟ್ಟಿದ್ದನ್ನು ಕಚ್ಚಿದ್ದು ಜಗಳಗಂಟಿತನದಿಂದ. ಮನುಷ್ಯನನ್ನು ಅರಿಯದ ನಾಯಿ ಮೂಲೆಗೆ ಸಿಕ್ಕಾಗ ಹಲ್ಲು ತೋರುವುದು ಭಯದಿಂದ. ಗಾಯ ಒಂದೇ ಬಗೆಯದು, ಕಾರಣ ಬೇರೆ. ‘ಇದು ಉಗ್ರವಾದ ನಾಯಿ’ ಎಂಬ ಒಂದೇ ಮಾತು ಎರಡನ್ನೂ ಮುಚ್ಚಿಬಿಡುತ್ತದೆ.

ಮಾಂಸದ ಬಟ್ಟಲು

ಎರಡು ಗಾದೆಗಳೂ ಹೀಗೆ ಒಂದೊಂದು ಬಾರಿ ಗೆದ್ದ ಮೇಲೆ ಮೂರನೆಯ ಪ್ರಯೋಗದ ಮಾತು. ೧೯೫೮ರಲ್ಲಿ ಪ್ರಕಟವಾದ ಇದೂ ಫ್ರೀಡ್‌ಮನ್ ಅವರದೇ. ಬೀಗಲ್, ಬಸೆಂಜಿ, ಷೀಪ್‌ಡಾಗ್, ಟೆರಿಯರ್ ಎಂಬ ನಾಲ್ಕು ತಳಿಗಳ ಮರಿಗಳನ್ನು ಮೂರನೆಯ ವಾರದಿಂದ ಎಂಟನೆಯ ವಾರದ ವರೆಗೆ ಎರಡು ಬಗೆಯಲ್ಲಿ ಸಾಕಿದರು. ಒಡಹುಟ್ಟಿದವುಗಳಲ್ಲಿ ಕೆಲವಕ್ಕೆ ಮುದ್ದು: ಅವು ಏನು ಮಾಡಿದರೂ ಸರಿ, ಮೈಮೇಲೇರಿದರೂ ಸರಿ, ಗದರಿಕೆಯಿಲ್ಲ. ಉಳಿದವಕ್ಕೆ ಶಿಸ್ತು: ಹಿಡಿದು ಕೂರಿಸುವುದು, ‘ಬಾ’ ಎಂದರೆ ಬರಬೇಕು, ‘ನಿಲ್ಲು’ ಎಂದರೆ ನಿಲ್ಲಬೇಕು.

ಎಂಟು ವಾರವಾದ ಮೇಲೆ ಮರಿಯನ್ನು ಕೋಣೆಯೊಂದಕ್ಕೆ ತಂದು ಎದುರಿಗೆ ಮಾಂಸದ ಬಟ್ಟಲನ್ನಿಟ್ಟರು. ಬಾಯಿ ಹಾಕಿತೋ, ಹಿಂಭಾಗಕ್ಕೊಂದು ಏಟು, ‘ಕೂಡದು!’ ಎಂಬ ಗದರಿಕೆ. ಸ್ವಲ್ಪ ಹೊತ್ತಿನ ಮೇಲೆ ಆ ಮನುಷ್ಯ ಹೊರಗೆ ಹೋಗುತ್ತಿದ್ದ. ಒಳಗೆ ಮರಿ ಮತ್ತು ಬಟ್ಟಲು, ಇಬ್ಬರೇ. ಮರಿ ಎಷ್ಟು ಹೊತ್ತು ತಡೆದುಕೊಂಡಿತು ಎಂಬುದನ್ನು ಗಾಜಿನ ಮರೆಯಿಂದ ನೋಡಿ ಬರೆದುಕೊಳ್ಳುತ್ತಿದ್ದರು. ಇದು ಎಂಟು ದಿನ ನಡೆಯಿತು.

ಶಿಸ್ತಿನಲ್ಲಿ ಬೆಳೆದದ್ದು ತಡೆದುಕೊಂಡೀತು, ಮುದ್ದಿನದು ತಿಂದುಬಿಟ್ಟೀತು ಎಂದೇ ಯಾರಿಗಾದರೂ ಅನ್ನಿಸುತ್ತದೆ. ನಡೆದದ್ದೇ ಬೇರೆ. ಬಸೆಂಜಿ ಮರಿಗಳು, ಮುದ್ದಿನವಾಗಲಿ ಶಿಸ್ತಿನವಾಗಲಿ, ಬಾಗಿಲು ಮುಚ್ಚಿದೊಡನೆ ಬಟ್ಟಲಿಗೆ ಬಾಯಿ ಹಾಕಿದವು. ಷೀಪ್‌ಡಾಗ್ ಮರಿಗಳು, ಮುದ್ದಿನವಾಗಲಿ ಶಿಸ್ತಿನವಾಗಲಿ, ಎಂಟು ದಿನವೂ ಮುಟ್ಟಲಿಲ್ಲ. ಈ ಎರಡು ತಳಿಗಳಲ್ಲಿ ಸಾಕಣೆಯ ಭೇದ ಲೆಕ್ಕಕ್ಕೇ ಬರಲಿಲ್ಲ. ಬೀಗಲ್ ಮತ್ತು ಟೆರಿಯರ್‌ಗಳಲ್ಲಿ ಮಾತ್ರ ಸಾಕಣೆಯೇ ನಿರ್ಣಾಯಕವಾಯಿತು, ಅದೂ ತಲೆಕೆಳಗಾಗಿ. ಮುದ್ದಿನಲ್ಲಿ ಬೆಳೆದ ಮರಿಗಳೇ ಹೆಚ್ಚು ಹೊತ್ತು ತಡೆದುಕೊಂಡವು! ಪ್ರೀತಿಯನ್ನು ಮಾತ್ರ ಕಂಡಿದ್ದ ಮರಿಗೆ ಆ ಪ್ರೀತಿಯ ಕೈಯಿಂದ ಬಿದ್ದ ಒಂದು ಏಟು ದೊಡ್ಡದಾಗಿ ತೋರಿರಬೇಕು. ದಿನವೂ ಗದರಿಸಿಕೊಂಡದ್ದಕ್ಕೆ ಅದೊಂದು ಹೊಸತಲ್ಲ.

ಬಾರ್ ಹಾರ್ಬರಿನ ದೊಡ್ಡ ಪಾಠ ಇಲ್ಲಿದೆ. ‘ಹುಟ್ಟೋ, ಸಾಕಣೆಯೋ’ ಎಂದು ಕೇಳಿದ್ದೇ ತಪ್ಪು. ಸಾಕಣೆ ಎಷ್ಟು ನಾಟುತ್ತದೆ ಎಂಬುದೂ ಹುಟ್ಟನ್ನು ಅವಲಂಬಿಸಿದೆ. ಹುಟ್ಟು ಯಾವ ರೂಪದಲ್ಲಿ ಹೊರಬೀಳುತ್ತದೆ ಎಂಬುದು ಸಾಕಣೆಯನ್ನು ಅವಲಂಬಿಸಿದೆ. ಹತ್ತಿಯ ನೂಲಿಗೂ ರೇಷ್ಮೆಯ ನೂಲಿಗೂ ಒಂದೇ ಬಣ್ಣವನ್ನು ಹಾಕಿದರೆ ಒಂದೇ ಬಗೆಯಾಗಿ ಹಿಡಿಯುವುದಿಲ್ಲವೆಂಬುದನ್ನು ನೇಕಾರರು ಬಲ್ಲರು.

ಹೆಸರಿಗೆ ಶಿಕ್ಷೆ

ಸ್ಕಾಟ್ ಮತ್ತು ಫುಲ್ಲರ್ ತಮ್ಮ ಬೃಹದ್ಗ್ರಂಥವನ್ನು ೧೯೬೫ರಲ್ಲಿ ಹೊರತಂದರು. ತಳಿ ತಳಿಗೆ ಭೇದವುಂಟು ಎಂದು ತೋರಿಸಿದ ಅವರೇ, ಒಂದೊಂದು ತಳಿಯ ಒಳಗೂ ನಾಯಿ ನಾಯಿಗೆ ದೊಡ್ಡ ಅಂತರವಿದೆ ಎಂದೂ ತೋರಿಸಿದರು. ಅವರು ಸಾಕಿದವು ಕೆಲವೇ ಮೂಲನಾಯಿಗಳ ಸಂತತಿ. ಹೊರಗಿನ ಲೋಕ ಅದಕ್ಕಿಂತ ವಿಸ್ತಾರವಾದುದು. ೨೦೨೨ರಲ್ಲಿ ಅಮೆರಿಕದ ವಿಜ್ಞಾನಿಗಳು ಹದಿನೆಂಟು ಸಾವಿರಕ್ಕೂ ಮಿಕ್ಕ ನಾಯಿಗಳ ನಡತೆಯನ್ನು ಅವುಗಳ ಒಡೆಯರಿಂದ ಕೇಳಿ ತಿಳಿದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ನಾಯಿ ನಾಯಿಗಳ ನಡತೆಯಲ್ಲಿರುವ ವ್ಯತ್ಯಾಸದಲ್ಲಿ ತಳಿಯ ಹೆಸರಿನಿಂದ ವಿವರಿಸಬಹುದಾದದ್ದು ಸುಮಾರು ಶೇಕಡ ೯ ಮಾತ್ರವೆಂದು ಕಂಡುಬಂದಿತು. ಬೇಗ ಕೆರಳುವ ಗುಣವಂತೂ ತಳಿಯ ಹೆಸರಿನಿಂದ ತೀರ ಕಡಿಮೆ ಊಹಿಸಬಹುದಾದ ಗುಣಗಳಲ್ಲಿ ಒಂದು. ಹಾಗೆಂದು ಅನುವಂಶೀಯತೆ ಸುಳ್ಳೆಂದಲ್ಲ. ಹಲವು ಗುಣಗಳು ವಂಶದಿಂದ ಬರುತ್ತವೆ ಎಂದು ಅದೇ ಅಧ್ಯಯನ ಹೇಳುತ್ತದೆ. ಮರಿ ಗುಣವನ್ನು ಪಡೆಯುವುದು ತನ್ನ ತಂದೆತಾಯಿಗಳಿಂದ, ಮಾರುವವನು ಚೀಟಿಯಲ್ಲಿ ಬರೆದ ಹೆಸರಿನಿಂದಲ್ಲ.

ಆದರೆ ಕಾನೂನು ಹಿಡಿಯುವುದು ಸಾಮಾನ್ಯವಾಗಿ ಹೆಸರನ್ನೇ. ಬ್ರಿಟನ್ ೧೯೯೧ರಲ್ಲಿ ಪಿಟ್‌ಬುಲ್ ಮೊದಲಾದ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಭಾರತದಲ್ಲಿ ೨೦೨೪ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಮುಂತಾದ ೨೩ ಬಗೆಯ ನಾಯಿಗಳ ಮಾರಾಟಕ್ಕೂ ಸಂತಾನಾಭಿವೃದ್ಧಿಗೂ ತಡೆಯೊಡ್ಡುವಂತೆ ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಏಪ್ರಿಲ್ ತಿಂಗಳಲ್ಲಿ ರದ್ದುಪಡಿಸಿತು. ನಾಯಿಯ ಕಡಿತಕ್ಕೆ ಅಂಜುವವರ ಮಾತಿನಲ್ಲಿಯೂ ಸತ್ಯವಿದೆ. ಬಾರ್ ಹಾರ್ಬರಿನ ನಾಯಿಗಳೆಲ್ಲ ಸಣ್ಣವು, ನಡುಗಾತ್ರದವು. ಕೆರಳಿದ ಬೀಗಲ್ ಮಾಡುವ ಗಾಯಕ್ಕೂ ಕೆರಳಿದ ರಾಟ್‌ವೀಲರ್ ಮಾಡುವ ಗಾಯಕ್ಕೂ ಅಜಗಜಾಂತರ. ಬಲವಾದ ದವಡೆಯ ನಾಯಿಯನ್ನು ಸಾಕುವವನ ಹೊಣೆಯೂ ಅಷ್ಟೇ ಬಲವಾದುದು. ಆದರೆ ದವಡೆಯ ಬಲ ಬೇರೆ, ಮನಸ್ಸಿನ ಕೇಡು ಬೇರೆ.

ಮನೆಗೆ ಮರಿಯನ್ನು ತರಬೇಕೆಂದಿರುವ ಸಂಸಾರಕ್ಕೆ ಈ ದ್ವೀಪ ಹೇಳುವ ಮಾತುಗಳು ಕೆಲವೇ. ತಳಿಯ ಹೆಸರನ್ನು ಕೇಳುವ ಮೊದಲು ಮರಿಯ ತಾಯಿಯನ್ನು ಕಣ್ಣಾರೆ ನೋಡಬೇಕು. ಅದು ಅಪರಿಚಿತರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದು ಎಲ್ಲ ಪ್ರಮಾಣಪತ್ರಗಳಿಗಿಂತ ದೊಡ್ಡದು. ಕಣ್ಣು ಬಿಟ್ಟೊಡನೆ ತಾಯಿಯಿಂದ ಕಿತ್ತ ಮರಿಯನ್ನು ಕೊಳ್ಳಬಾರದು. ಆರರಿಂದ ಎಂಟು ವಾರಗಳ ನಡುವಿನ ಕಾಲವೇ ಹೊಸ ಮನೆಗೆ ತಕ್ಕದ್ದೆಂದು ಸ್ಕಾಟ್ ಮತ್ತು ಫುಲ್ಲರ್ ಬಗೆದರು. ತಂದ ಮೇಲೆ, ಮೂರು ತಿಂಗಳು ತುಂಬುವುದರೊಳಗೆ, ಮರಿ ಮಕ್ಕಳನ್ನು, ಮುದುಕರನ್ನು, ಹಾಲಿನವನನ್ನು, ಅಂಚೆಯವನನ್ನು ಅಂಜಿಕೆಯಿಲ್ಲದೆ ಕಂಡಿರಬೇಕು. ಕಳ್ಳರನ್ನು ಹಿಡಿಯಲೆಂದು ಮರಿಯನ್ನು ಹಿತ್ತಲಿನಲ್ಲಿ ಒಂಟಿಯಾಗಿ ಕಟ್ಟಿಹಾಕುವ ಮನೆ, ತನಗರಿವಿಲ್ಲದೆಯೇ ಆ ಎತ್ತರದ ಬೇಲಿಯನ್ನು ಕಟ್ಟುತ್ತಿರುತ್ತದೆ. ನಾಳೆ ಅದು ಕಚ್ಚುವುದು ಕಳ್ಳನನ್ನೇ ಆಗಿರಬೇಕೆಂದಿಲ್ಲ.

ಹ್ಯಾಮಿಲ್ಟನ್ ಸ್ಟೇಷನ್ನಿನ ನಾಯಿಗಳ ಶಾಲೆ ಮುಗಿದು ಎಷ್ಟೋ ದಶಕಗಳಾದವು. ಸ್ಕಾಟ್ ೧೯೬೫ರಲ್ಲಿಯೇ ದ್ವೀಪವನ್ನು ಬಿಟ್ಟರು. ಊರಿನ ಎದುರಿನ ನೊರಜುಗಲ್ಲಿನ ದಾರಿ ಮಾತ್ರ ಇಂದಿಗೂ ದಿನಕ್ಕೆರಡು ಬಾರಿ ನೀರಿನಿಂದ ಮೇಲೇಳುತ್ತದೆ. ಆ ದಾರಿಯನ್ನು ಮಾಡಿದವರು ಮನುಷ್ಯರಲ್ಲ. ಅದನ್ನು ಅಳಿಸುವುದೂ ಅವರ ಕೈಯಲ್ಲಿಲ್ಲ. ಅದು ತೆರೆದಿರುವ ಮೂರು ಗಂಟೆಗಳಲ್ಲಿ ನಡೆದು ಹೋಗುವುದೋ ಬಿಡುವುದೋ ಎಂಬುದಷ್ಟೇ ಅವರ ಕೈಯಲ್ಲಿರುವುದು. ಹೊತ್ತು ಮೀರಿ ಬಂದವರು ದಡದಲ್ಲಿ ನಿಂತು, ಎದುರಿನ ನಡುಗಡ್ಡೆಯನ್ನು ನೋಡುತ್ತ, ಮುಂದಿನ ಇಳಿತಕ್ಕಾಗಿ ಕಾಯುತ್ತಾರೆ. ಕಡಲಿಗೆ ಮುಂದಿನ ಇಳಿತವುಂಟು. ನಾಯಿಮರಿಯ ಮನಸ್ಸಿಗೆ ಅದಿಲ್ಲ.